ಪೆಟ್ಟಿಗೆ ಕಟ್ಟುವ ಮೊದಲು ಮನೆ ನಂಬ್ರ

ಮನೆ ಬದಲಾಯಿಸುತ್ತೇವೆ ಅಂದರೆ ನಮ್ಮ ಕಡೆ ಜನ ಕೇಳುವುದು ಎರಡೇ: ಒಕ್ಕಲು (ಗೃಹಪ್ರವೇಶ) ಯಾವಾಗ, ಟೆಂಪೋಗೆ ಎಷ್ಟು. ಈಗ ನನ್ನಲ್ಲಿ ಯಾರಾದರೂ ಸಲಹೆ ಕೇಳಿದರೆ ಅವೆರಡನ್ನೂ ಪಕ್ಕಕ್ಕಿಟ್ಟು ‘ಮನೆ ನಂಬ್ರ ಆಯಿತಾ?’ ಎಂದೇ ಶುರುಮಾಡುತ್ತೇನೆ. ಕೇರಳದಲ್ಲಿ ಹೊಸ ಕಟ್ಟಡಕ್ಕೆ ಪಂಚಾಯತಿನ ನಂಬ್ರ ಬೀಳುವ ತನಕ ಕಾಗದದ ಮಟ್ಟಿಗೆ ಅದು ಮನೆಯೇ ಅಲ್ಲ. ರೇಶನ್ ಕಾರ್ಡು ಬೇರೆಯಾಗಬೇಕಾದರೆ ನಂಬ್ರ, ಗ್ಯಾಸಿಗೆ ವಿಳಾಸ ಬೇಕಾದರೆ ನಂಬ್ರ, ಆಧಾರ್ ತಿದ್ದಬೇಕಾದರೆ ಅದೇ ನಂಬ್ರ ಇರುವ ಒಂದು ಕಾಗದ. ಹಾಲು ಉಕ್ಕಿಸಿ, ನೆಂಟರಿಗೆ ಊಟ ಹಾಕಿ, ಪರದೆ ತೂಗಿಸಿ ಕುಳಿತ ಮೇಲೂ ಸರಕಾರದ ಲೆಕ್ಕದಲ್ಲಿ ನಾವು ಬಹಳ ಸಮಯ ಹಳೆ ಮನೆಯಲ್ಲೇ ಇದ್ದೆವು.

ನಾವು ಬಂದದ್ದು 2025ರ ಮೇ ತಿಂಗಳಲ್ಲಿ. ಪೆರ್ಲದಿಂದ ಒಳಗೆ, ಗುಡ್ಡದ ಬುಡದ ತೋಟದ ಮನೆ ಬಿಟ್ಟು ಕುಂಬಳೆಗೂ ಸೀತಾಂಗೋಳಿಗೂ ನಡುವಿನ ಹತ್ತು ಸೆಂಟ್ಸ್ ಜಾಗಕ್ಕೆ. ಯಜಮಾನರಿಗೆ ಮಂಗಳೂರಿನಲ್ಲಿ ಕೆಲಸ, ಕುಂಬಳೆಯಲ್ಲಿ ರೈಲು ಹತ್ತಿದರೆ ಆಯಿತು. ನನಗೆ ಕಲಿಸುವ ಶಾಲೆ ಹತ್ತಿರ. ಮಗಳಿಗೆ ಪ್ಲಸ್ ವನ್, ಅಂದರೆ ಹನ್ನೊಂದನೇ ತರಗತಿ. ಎಲ್ಲರಿಗೂ ಒಂದೊಂದು ಕಾರಣ ಇತ್ತು, ಅತ್ತೆಯೊಬ್ಬರನ್ನು ಬಿಟ್ಟು. ಪಾಲಾಗಿ ತೋಟ, ಹಳೆ ಮನೆ, ದೈವ, ನಾಗನ ಕಟ್ಟೆ ಎಲ್ಲ ಮೈದುನನ ಕಡೆಗೆ ಹೋದವು. ಅತ್ತೆ ನಮ್ಮ ಜೊತೆ ಬರುತ್ತೇನೆ ಅಂದದ್ದು ಬೆನ್ನುನೋವಿಗೆ ಆಸ್ಪತ್ರೆ ಹತ್ತಿರವಾಗುತ್ತದೆ ಅಂತ. ಒಕ್ಕಲಿನ ಮುನ್ನಾ ದಿನದವರೆಗೂ ‘ನಾನು ಬರುವುದು ನೋಡಲಿಕ್ಕೆ ಮಾತ್ರ’ ಎಂದು ಹೇಳುತ್ತಲೇ ಇದ್ದರು.

ಮೊದಲು ಅಟ್ಟದಿಂದ ಶುರುಮಾಡಿದೆವು. ಹಾಗೆಯೇ ಮಾಡಿ ಎಂದು ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಅಟ್ಟದಲ್ಲಿರುವುದು ದಿನನಿತ್ಯ ಬೇಕಾಗದ್ದು, ತೆಗೆದಿಟ್ಟರೆ ಮನೆ ನಡೆಯುವುದು ನಿಲ್ಲುವುದಿಲ್ಲ. ಶಾಲೆಯ ಪರೀಕ್ಷೆ ಮುಗಿದು ರಜೆ ಸಿಕ್ಕಿದ್ದೇ ತಲೆಗೆ ಬೈರಾಸು ಸುತ್ತಿ ಏಣಿ ಹತ್ತಿದೆ. ಅಡಿಕೆ ಗೋಣಿಗಳ ಹಿಂದೆ ಒಂದು ಮರದ ಪೆಟ್ಟಿಗೆ. ಅದರ ಅಡಿ ಹಲಗೆಯನ್ನು ಒರಲೆ ತಿಂದು ಮುಗಿಸಿತ್ತು, ಆದರೆ ಒಳಗಿನ ಕಾಗದ ಕಟ್ಟನ್ನು ಯಾರೋ ಪುಣ್ಯಾತ್ಮರು ತಗಡಿನ ಬಿಸ್ಕತ್ತು ಡಬ್ಬದಲ್ಲಿಟ್ಟಿದ್ದರು. ಬಿಚ್ಚಿದರೆ ಮದ್ರಾಸ್ ಸರಕಾರದ ಸ್ಟಾಂಪು ಕಾಗದ. ‘ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು’ ಎಂದು ಶುರುವಾಗುವ ಕನ್ನಡ ಬರಹ, ಪದ ಪದಕ್ಕೂ ನಡುವೆ ಜಾಗವೇ ಬಿಡದೆ ಬರೆದದ್ದು. ಅದರ ಮೇಲಿನ ಪದರದಲ್ಲಿ 1956ರ ನಂತರದ ರಶೀದಿಗಳು, ಮಲಯಾಳದಲ್ಲಿ. ಮತ್ತೆ ಭೂಸುಧಾರಣೆಯ ಕಾಲದ ಪಟ್ಟಯ, ಅಂದರೆ ಜಾಗದ ಹಕ್ಕುಪತ್ರ. ಒಂದೇ ಜಾಗದ ಕಾಗದ, ಒಂದೇ ಡಬ್ಬ. ಮಾವನವರು ಬದುಕಿದ್ದರೆ ಅದನ್ನು ಓದಿ ಅರ್ಥ ಹೇಳುವುದಕ್ಕೇ ಒಂದು ರಾತ್ರಿ ಹಿಡಿಯುತ್ತಿತ್ತು. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು.

ಹಳೆ ಕಾಗದ ಸಿಕ್ಕಿದವರಿಗೆ ಒಂದು ಮಾತು. ಲ್ಯಾಮಿನೇಶನ್ ಮಾಡಿಸಬೇಡಿ, ಒಮ್ಮೆ ಅಂಟಿದರೆ ಬಿಡಿಸಲಿಕ್ಕಾಗುವುದಿಲ್ಲ, ಮುಂದೆ ಮೂಲಪ್ರತಿ ಎಂದು ತೋರಿಸುವಾಗ ತಕರಾರು ಬರಬಹುದು. ಫೋಟೋ ತೆಗೆದು, ಸರ್ವೆ ನಂಬ್ರ ನೋಡಿ ಬೇರೆ ಬೇರೆ ಕವರಿಗೆ ಹಾಕಿ. ನಮಗೆ ಪಾಲಿನ ಕಾಗದ, ಹೊಸ ಜಾಗದ ನೋಂದಣಿ ಪತ್ರ, ಈ ವರ್ಷದ ಭೂಕಂದಾಯ ರಶೀದಿ, ಕಟ್ಟಡದ ಪರ್ಮಿಟ್ಟು, ಎಲ್ಲರ ಆಧಾರ್, ರೇಶನ್ ಕಾರ್ಡು, ಮಾವನವರ ಮರಣ ಪ್ರಮಾಣಪತ್ರ, ಇವಿಷ್ಟೂ ಪ್ರತಿದಿನ ಬೇಕಾಗುತ್ತಿತ್ತು. ಇವನ್ನು ಒಂದು ಕೈಚೀಲದಲ್ಲಿ ಹಾಕಿ ‘ಇದು ಟೆಂಪೋಗೆ ಹೋಗುವುದಿಲ್ಲ, ನನ್ನ ಹೆಗಲಿಗೆ’ ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೆ.

ಈಗ ನಂಬ್ರದ ಕತೆ. ಮನೆಯ ಕೆಲಸ ಮುಗಿದ ಮೇಲೆ ಎಂಜಿನಿಯರ್ ಮೂಲಕ ಕಂಪ್ಲೀಶನ್ ಅರ್ಜಿ ಹಾಕಬೇಕು. ಅದು ಈಗ ಕೇರಳ ಸರಕಾರದ ಆನ್‌ಲೈನ್ ವ್ಯವಸ್ಥೆಯಾದ ಕೆ-ಸ್ಮಾರ್ಟಿನಲ್ಲಿ, ಗ್ರಾಮ ಪಂಚಾಯತುಗಳಿಗೆ ಅದು ಬಂದದ್ದೇ ಆ ಏಪ್ರಿಲಿನಲ್ಲಿ. ಅರ್ಜಿ ಹೋದ ಮೇಲೆ ಪಂಚಾಯತಿನಿಂದ ಬಂದು ಅಳತೆ ಮಾಡುತ್ತಾರೆ, ಪರ್ಮಿಟ್ಟಿನ ಪ್ಲಾನಿಗೂ ಕಟ್ಟಿದ ಮನೆಗೂ ತಾಳೆ ನೋಡುತ್ತಾರೆ. ನಮ್ಮದರಲ್ಲಿ ತಾಳೆ ಬೀಳಲಿಲ್ಲ. ಮೇಸ್ತ್ರಿ ಸಿಟೌಟಿನ (ಮುಂದಿನ ಜಗಲಿಯ) ಮೇಲಿನ ಸ್ಲ್ಯಾಬನ್ನು ‘ಮಳೆ ಎರಚುತ್ತದೆ ಅಕ್ಕ’ ಎಂದು ಒಂದಿಷ್ಟು ಮುಂದಕ್ಕೆ ಎಳೆದಿದ್ದ, ಅದರ ಕೆಳಗೆ ಎರಡು ಕಂಬವನ್ನೂ ಕೊಟ್ಟಿದ್ದ. ನೋಡಲಿಕ್ಕೆ ಚಂದವೇ. ಆದರೆ ಕಂಬ ಬಂದದ್ದರಿಂದ ಅಷ್ಟೂ ಜಾಗ ಕಟ್ಟಡದ ವಿಸ್ತೀರ್ಣಕ್ಕೆ ಸೇರಿತು. ಕಟ್ಟಿದ್ದಕ್ಕೆ ಸರಿಯಾಗಿ ಪ್ಲಾನು ಮತ್ತೆ ಬರೆಸಿ, ಹೆಚ್ಚಾದ ಜಾಗಕ್ಕೆ ಫೀಸು ಕಟ್ಟಿ, ಪುನಃ ಸಾಲಿನಲ್ಲಿ ನಿಂತೆವು. ಅಳತೆಗೆ ಬರುವವರಿಗೆ ಇನ್ನೊಂದು ಪಂಚಾಯತಿನ ಹೆಚ್ಚುವರಿ ಹೊಣೆಯೂ ಇದ್ದ ಕಾರಣ ಅವರು ಬರುವ ವಾರ ಮುಂದೆ ಮುಂದೆ ಹೋಯಿತು. ಅವರದೇನೂ ತಪ್ಪಿಲ್ಲ ಎಂದು ತಿಳಿದರೂ ಮನೆಯಲ್ಲಿ ಕುಳಿತು ಕಾಯುವವರಿಗೆ ಸಿಟ್ಟು ಬಂದೇ ಬರುತ್ತದೆ.

ಮನೆ ಕಟ್ಟುತ್ತಿರುವವರು ಇದನ್ನು ಓದುತ್ತಿದ್ದರೆ, ಶಟರಿಂಗ್ ಹೊಡೆಯುವ ದಿನ ಪ್ಲಾನ್ ಕೈಯಲ್ಲಿ ಹಿಡಿದು ನಿಲ್ಲಿ. ಮೇಸ್ತ್ರಿಗಳ ಉದಾರತೆಗೆ ಆಮೇಲೆ ಲೆಕ್ಕ ಬರುತ್ತದೆ.

ಆ ಲೆಕ್ಕ ಪಂಚಾಯತಿನಲ್ಲಿ ಮುಗಿಯುವುದೂ ಇಲ್ಲ. ವಾಸದ ಮನೆ 100 ಚದರ ಮೀಟರಿಗಿಂತ ದೊಡ್ಡದಾದರೆ ಕಂದಾಯ ಇಲಾಖೆಗೆ ಒಂದು ಬಾರಿಯ ಕಟ್ಟಡ ತೆರಿಗೆ ಕಟ್ಟಬೇಕು, ಅದರ ಕಾಗದ ವಿಲೇಜ್ ಆಫೀಸಿನಿಂದ ಹೋಗುತ್ತದೆ. ಇದು ಪಂಚಾಯತಿಗೆ ವರ್ಷ ವರ್ಷ ಕಟ್ಟುವ ತೆರಿಗೆ ಅಲ್ಲ, ಎರಡೂ ಬೇರೆ. ಇದರ ಮೇಲೆ, ನಾವು ಕಟ್ಟಿದ ಕಾಲದ ಲೆಕ್ಕದಲ್ಲಿ ಖರ್ಚು 10 ಲಕ್ಷ ದಾಟಿದ ಮನೆಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇಕಡಾ 1 ಇತ್ತು. ಅದು ಕಾರ್ಮಿಕ ಇಲಾಖೆಗೆ. ಒಕ್ಕಲಿನ ಖರ್ಚು, ಪರದೆ, ಫ್ಯಾನು ಎಂದು ಪಟ್ಟಿ ಮಾಡಿದವರು ಈ ಎರಡನ್ನು ಬರೆಯುವುದೇ ಇಲ್ಲ. ನಮಗೂ ನೆರೆಮನೆಯ ಇಚ್ಚ (ಅಣ್ಣ) ಹೇಳಿದ್ದರಿಂದ ಗೊತ್ತಾದದ್ದು.

ಭಾಷೆಯ ವಿಷಯ ಕೇಳುವವರಿರುತ್ತಾರೆ. ಆನ್‌ಲೈನ್ ಅರ್ಜಿ ಮಲಯಾಳ, ಇಂಗ್ಲಿಷಿನಲ್ಲಿ. ನನಗೆ ಮಲಯಾಳ ಓದಲು ಬರುತ್ತದೆ, ಯಜಮಾನರಿಗೆ ಮಾತಾಡಲು ಬರುತ್ತದೆ, ಇಬ್ಬರೂ ಸೇರಿದರೆ ಒಬ್ಬರಿಗೆ ಪೂರ್ತಿ ಬಂದ ಹಾಗೆ. ಆದರೆ ಅತ್ತೆ ಸಹಿ ಹಾಕಬೇಕಾದ ಕಡೆ, ಅವರಿಗೆ ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಲು ನನಗೆ ಮನಸ್ಸಾಗಲಿಲ್ಲ. ಅವರ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು ಕೊಟ್ಟೆವು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಇದೆ. ಕೌಂಟರಿನಲ್ಲಿ ಕಾಯ್ದೆ ಹೇಳಬೇಕಾಗಿ ಬರಲಿಲ್ಲ, ಅಲ್ಲಿದ್ದವರೇ ಕನ್ನಡದವರು, ತೆಗೆದುಕೊಂಡರು. ಸರಕಾರದ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲೂ ಕನ್ನಡ ಬಲ್ಲವರಿದ್ದಾರೋ ಎಂದು ಕೇಳಿ ಹೋಗಿ. ಮನೆ ಹೆಸರು, ತಂದೆಯ ಹೆಸರು ಮಲಯಾಳಕ್ಕೆ ಹೋಗಿ ಬರುವಾಗ ಒಂದಕ್ಷರ ಆಚೀಚೆಯಾದರೆ ಮುಂದಿನ ಐದು ಕಾಗದಕ್ಕೂ ಅದೇ ತಪ್ಪು ಹರಡುತ್ತದೆ.

ಜೋಯಿಸರು ಕೊಟ್ಟ ಮುಹೂರ್ತ ಮೇ ಮೊದಲ ವಾರದಲ್ಲಿ, ಬೆಳಿಗ್ಗೆ ಬೇಗ. ಅದು ತಪ್ಪಿದರೆ ಮಳೆಗಾಲ, ಮತ್ತೆ ತುಳುವಿನ ಆಟಿ ತಿಂಗಳು, ಆಟಿಯಲ್ಲಿ ಯಾರೂ ಒಕ್ಕಲು ಮಾಡುವುದಿಲ್ಲ. ನಂಬ್ರ ಬಂದಿರಲಿಲ್ಲ, ಸಾಮಾನು ಅರ್ಧವೂ ಕಟ್ಟಿರಲಿಲ್ಲ. ಹಾಗಾಗಿ ಎರಡನ್ನೂ ಬೇರೆ ಮಾಡಿದೆವು: ಒಕ್ಕಲು ಮುಹೂರ್ತಕ್ಕೆ, ಸಾಮಾನು ಮೇ ಕೊನೆಗೆ. ಇದು ಒಳ್ಳೆಯ ಉಪಾಯ ಎಂದು ಈಗಲೂ ಹೇಳುತ್ತೇನೆ. ಒಕ್ಕಲಿನ ದಿನ ಹೊಸ ಮನೆಗೆ ಹೋದದ್ದು ದೀಪ, ದೇವರ ಪೆಟ್ಟಿಗೆ, ತುಂಬಿದ ಕೊಡ, ಅಕ್ಕಿ, ಉಪ್ಪು, ಬೆಲ್ಲ, ತೆಂಗಿನಕಾಯಿ, ಕನ್ನಡಿ, ಮತ್ತೆ ಹಾಲು ಉಕ್ಕಿಸುವ ಪಾತ್ರೆ. ಖಾಲಿ ಮನೆಯಲ್ಲಿ ಗಣಹೋಮಕ್ಕೆ ಜಾಗ ಬೇಕಾದಷ್ಟು. ಸೋಫಾ, ಕಪಾಟು ತುಂಬಿದ ಮನೆಯಲ್ಲಿ ಹೋಮಕುಂಡ ಇಟ್ಟು, ಹೊಗೆಗೆ ಟಿವಿ ಮುಚ್ಚಲು ಬಟ್ಟೆ ಹುಡುಕುವ ಕರ್ಮ ನಮಗೆ ಬರಲಿಲ್ಲ.

ದನ ಒಳಗೆ ಬರಬೇಕು ಎಂಬುದು ಅತ್ತೆಯ ಹಟ. ಮೈದುನ ತನ್ನ ಕಾಸರಗೋಡು ಗಿಡ್ಡವನ್ನೂ ಕರುವನ್ನೂ ಪಿಕಪ್ಪಿನಲ್ಲಿ ತಂದ. ಗಿಡ್ಡ ತಳಿಯಾದ್ದರಿಂದ ಬಾಗಿಲಿಗೆ ಏನೂ ತೊಂದರೆಯಿಲ್ಲ, ತೊಂದರೆಯಾದದ್ದು ನೆಲಕ್ಕೆ. ಮಣ್ಣಿನ ಹಟ್ಟಿ ಬಿಟ್ಟು ಬೇರೆ ತುಳಿಯದ ಅದು ಹೊಸ್ತಿಲು ದಾಟಿ ಮುಂಗಾಲು ಇಟ್ಟಿತು. ಹೊಳೆಯುವ ವಿಟ್ರಿಫೈಡ್ ಟೈಲು. ಗೊರಸು ಸರ್ರನೆ ಮುಂದಕ್ಕೆ ಜಾರಿತು. ಅದು ಕಾಲು ಹಿಂದಕ್ಕೆಳೆದು, ತಲೆ ಬಗ್ಗಿಸಿ ನೆಲವನ್ನು ಮೂಸಿ, ಅಲ್ಲಿ ಕಂಡ ತನ್ನದೇ ಮುಖಕ್ಕೆ ಒಮ್ಮೆ ಉಸಿರುಬಿಟ್ಟು ನಿಂತದ್ದು ನಿಂತದ್ದೇ. ಭಟ್ಟರು ಗಡಿಯಾರ ನೋಡುತ್ತಿದ್ದಾರೆ, ಮೈದುನ ಬೆನ್ನು ನೂಕುತ್ತಿದ್ದಾನೆ, ಕರು ಸಿಟೌಟಿನಲ್ಲಿ ಸೆಗಣಿ ಹಾಕಿತು. ಅತ್ತೆ ಯಾರಿಗೂ ಕಾಯದೆ ಅಕ್ಕಿ ತಂದ ಗೋಣಿ ಖಾಲಿ ಮಾಡಿಸಿ ಚಾವಡಿಯಿಂದ ಅಡುಗೆಮನೆಯವರೆಗೆ ಹಾಸಿಸಿ, ಬಾಳೆಹಣ್ಣು ಹಿಡಿದು ಮುಂದೆ ನಡೆದರು. ದನ ಗೋಣಿಯ ಮೇಲೆ ಕಾಲಿಟ್ಟು ಅವರ ಹಿಂದೆಯೇ ಹೋಯಿತು. ಟೈಲಿನ ಮನೆಯಲ್ಲಿ ಒಕ್ಕಲು ಮಾಡುವವರು ಗೋಣಿ ಮೊದಲೇ ಹಾಸಿಡಿ, ದನದ ಕಾಲು ಮುರಿದರೆ ಯಾವ ಮುಹೂರ್ತವೂ ಉಪಯೋಗಕ್ಕೆ ಬರುವುದಿಲ್ಲ.

ಕಟ್ಟುವ ಕೆಲಸಕ್ಕೆ ಬರೋಣ. ಮಂಗಳೂರಿನ ಪ್ಯಾಕರ್ಸಿನವರಲ್ಲಿ ಕೇಳಿದೆವು, ಫೋಟೋ ಕಳುಹಿಸಿದ್ದಕ್ಕೆ 28,000 ಅಂದರು, ತೋಟದ ದಾರಿಗೆ ಲಾರಿ ಇಳಿಯುವುದಿಲ್ಲ ಎಂದ ಮೇಲೆ ಉತ್ತರವೇ ಇಲ್ಲ. ಕೊನೆಗೆ ಎಲ್ಲ ನಾವೇ. ರಟ್ಟಿನ ಪೆಟ್ಟಿಗೆಗೆ ದುಡ್ಡು ಕೊಡಬೇಡಿ. ಮೆಡಿಕಲ್ ಶಾಪಿನ ಪೆಟ್ಟಿಗೆ ಸಣ್ಣದು, ಗಟ್ಟಿ, ಪುಸ್ತಕಕ್ಕೆ ಅದೇ ಸರಿ. ದೊಡ್ಡ ಪೆಟ್ಟಿಗೆಗೆ ಪುಸ್ತಕ ತುಂಬಿಸಿದರೆ ಎತ್ತುವವರ ಬಾಯಲ್ಲಿ ಬರುವ ಮಾತು ಮಕ್ಕಳ ಕಿವಿಗೆ ಬೀಳಬಾರದ್ದು. ಸೇಬಿನ ಪೆಟ್ಟಿಗೆಗೆ ಕೈ ಹಿಡಿಯಲು ತೂತು ಇರುತ್ತದೆ, ಪಾತ್ರೆಗೆ ಒಳ್ಳೆಯದು. ಗಾಜಿಗೆ ಪತ್ರಿಕೆಯ ಬದಲು ಹಳೆ ಸೀರೆ, ಬೈರಾಸು, ದಿಂಬಿನ ಕವರು ಸುತ್ತಿ. ಅವು ಹೇಗೂ ಹೋಗಬೇಕಾದ ಸಾಮಾನೇ. ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಿ, ಇಳಿಸಿದ ಮೇಲೆ ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕಿ. ಇನ್ವರ್ಟರಿನ ಬ್ಯಾಟರಿ ಓರೆಯಾಗಬಾರದು. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ.

ಯಾರೂ ಹೇಳದೆ ಇದ್ದದ್ದು ಉಪ್ಪಿನಕಾಯಿ ಭರಣಿಯ ವಿಷಯ. ಮೇ ತಿಂಗಳೆಂದರೆ ಮಾವಿನ ಮಿಡಿ ಉಪ್ಪಿನಲ್ಲಿ ಕುಳಿತಿರುವ ಕಾಲ. ಅತ್ತೆ ಆ ವರ್ಷವೂ ದೊಡ್ಡ ಭರಣಿ ತುಂಬ ಹಾಕಿದ್ದರು, ಯಾಕೆ ಹಾಕಿದಿರಿ ಎಂದು ಕೇಳುವ ಧೈರ್ಯ ಯಾರಿಗಿದೆ. ಹಾಗೆಯೇ ಸಾಗಿಸಿದರೆ ಉಪ್ಪುನೀರು ತುಳುಕಿ ಹೊರಬರುತ್ತದೆ. ನೀರು ತೆಗೆದರೆ ಮಿಡಿ ನೀರಿನಿಂದ ಮೇಲೆ ಉಳಿದು ಗಾಳಿ ತಾಗಿ ಕೆಡುತ್ತದೆ. ಅವರು ಮಾಡಿದ್ದು ಹೀಗೆ: ಮೇಲಿನ ಒಂದು ಪಾತ್ರೆಯಷ್ಟು ಉಪ್ಪುನೀರನ್ನು ಗಾಜಿನ ಬಾಟಲಿಗೆ ಬಸಿದು ಬೇರೆ ಇಟ್ಟರು. ಮಿಡಿಯ ಮೇಲೆ ಬಾಡಿಸಿದ ಬಾಳೆಲೆ, ಅದರ ಮೇಲೆ ಉಪ್ಪಿನ ಕಲ್ಲು ತುಂಬಿದ ಬಟ್ಟೆಯ ಗಂಟು, ಆಮೇಲೆ ಮುಚ್ಚಳ, ಅದರ ಮೇಲೆ ಎರಡು ಪದರ ಬಟ್ಟೆ ಹಾಕಿ ಬಾಯಿ ಬಿಗಿದು ಕಟ್ಟಿದರು. ಭರಣಿಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆವು. ಅತ್ತೆ ಹಿಂದಿನ ಸೀಟಿನಲ್ಲಿ ಕುಳಿತು ಪೆರ್ಲದಿಂದ ಬದಿಯಡ್ಕ, ನೀರ್ಚಾಲು ದಾಟಿ ಸೀತಾಂಗೋಳಿಯವರೆಗೂ ಒಂದು ಕೈ ಅದರ ಮುಚ್ಚಳದ ಮೇಲೆಯೇ ಇಟ್ಟಿದ್ದರು. ಒಂದು ಹನಿ ಚೆಲ್ಲಲಿಲ್ಲ. ಇಳಿಸಿದ ಕೂಡಲೇ ಬಾಟಲಿಯ ನೀರನ್ನು ಮರಳಿ ಹೊಯ್ದರು.

ಬಚ್ಚಲಿನ ತಾಮ್ರದ ಹಂಡೆಯನ್ನು ಬಿಟ್ಟುಬರಲು ಅವರು ಒಪ್ಪಲಿಲ್ಲ. ಮಣ್ಣಿನ ಒಲೆಯಲ್ಲಿ ಕುತ್ತಿಗೆಯವರೆಗೆ ಹೂತಿದ್ದ ಹಂಡೆ. ಒಲೆ ಒಡೆದರೇ ಹೊರಬರುವುದು. ಹಳೆ ಮನೆ ಈಗ ಮೈದುನನದ್ದು, ಅವನ ಹೆಂಡತಿಗೂ ಬಿಸಿನೀರು ಬೇಕು. ಇದರ ಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ. ಕಡೆಗೆ ಮೈದುನನೇ ಒಂದು ಸಂಜೆ ಹಾರೆ ಹಿಡಿದು ಒಲೆ ಒಡೆದು ಹಂಡೆ ತೆಗೆದಿಟ್ಟು, ‘ನಮಗೆ ಸೋಲಾರ್ ಹಾಕಿಸುತ್ತೇನೆ’ ಅಂದ. ಹಾಕಿಸಿದ್ದಾನೆ. ಪಾಲುಪಟ್ಟಿಯಲ್ಲಿ ಎಕರೆ ಸೆಂಟ್ಸ್ ಎಲ್ಲ ಬರೆಯುತ್ತಾರೆ, ಹಂಡೆ, ಕಡೆವ ಕಲ್ಲು, ಮದ್ದಳೆ ಯಾರಿಗೆ ಎಂದು ಬರೆಯುವುದಿಲ್ಲ. ಪೆಟ್ಟಿಗೆ ಕಟ್ಟುವ ಮೊದಲು ಕುಳಿತು ಅದನ್ನೂ ಮಾತಾಡಿಕೊಳ್ಳಿ. ಮಾವನವರ ಮದ್ದಳೆ ನಮಗೆ ಬಂತು, ಅವರ ಪ್ರಸಂಗದ ಪುಸ್ತಕಗಳು ಮೈದುನನಿಗೆ. ಅರ್ಥ ಹೇಳುವುದು ಅವನೇ.

ಬಿಸಾಡುವುದರಲ್ಲೂ ಒಂದು ಕ್ರಮ ಬೇಕು. ಪಂಚಾಯತಿನ ಕಸ ಸಂಗ್ರಹದ ತಂಡವಾದ ಹಸಿರು ಕರ್ಮಸೇನೆಯವರು ಮನೆಯಿಂದ ಪ್ಲಾಸ್ಟಿಕ್ ಒಯ್ಯುತ್ತಾರೆ, ಆದರೆ ಗಾಜು, ಚಪ್ಪಲಿ, ಹಳೆ ಬಟ್ಟೆ, ಹಾಳಾದ ರೇಡಿಯೋ, ಬಲ್ಬು ಎಲ್ಲವನ್ನೂ ಒಂದೇ ದಿನ ತೆಗೆದುಕೊಳ್ಳುವುದಿಲ್ಲ, ಒಂದೊಂದಕ್ಕೆ ಒಂದೊಂದು ತಿಂಗಳು. ಆದ್ದರಿಂದ ಮೊದಲೇ ಅವರಲ್ಲಿ ಕೇಳಿಕೊಳ್ಳಿ. ತಿಂಗಳ ಹಣದ ರಶೀದಿಯನ್ನೂ ಬಿಸಾಡಬೇಡಿ, ಪಂಚಾಯತಿನಲ್ಲಿ ಬೇರೆ ಕೆಲಸಕ್ಕೆ ಹೋದಾಗ ನಮ್ಮಲ್ಲಿ ಅದನ್ನು ಕೇಳಿದರು.

ಮೇ 24ಕ್ಕೆ ಮಳೆ ಬಂತು. ಸಾಮಾನ್ಯವಾಗಿ ಜೂನ್ 1ರ ಲೆಕ್ಕ ಹಿಡಿಯುವುದಲ್ಲವೇ, ಆ ವರ್ಷ ಮುಂಗಾರು ಕೇರಳಕ್ಕೆ ಒಂದು ವಾರ ಮೊದಲೇ ಇಳಿಯಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ. ನಾವು ಟೆಂಪೋ ಹೇಳಿದ್ದು ಮೇ ಕೊನೆಯ ವಾರಕ್ಕೆ. ತೋಟದ ದಾರಿ ಕೆಂಪು ಕೆಸರಾಯಿತು. ಜೂನ್ 2ಕ್ಕೆ ಶಾಲೆ ಶುರು, ಮುಂದೂಡುವ ಹಾಗಿಲ್ಲ. ಮೈದುನನ ಜೀಪಿನಲ್ಲಿ ತೋಟದಿಂದ ರಸ್ತೆಗೆ, ಅಲ್ಲಿ ಪರಿಚಯದ ಅಂಗಡಿಯ ಜಗಲಿಯಲ್ಲಿ ಪೇರಿಸಿ, ಅಲ್ಲಿಂದ ಪಿಕಪ್ಪಿಗೆ. ಪಿಕಪ್ಪಿಗೆ ಒಂದು ಬಾಡಿಗೆ 2,800 ಆಯಿತು. ಮಳೆ ಇಲ್ಲದಿದ್ದರೆ ಕಡಿಮೆಗೆ ಒಪ್ಪುತ್ತಿದ್ದನೋ ಏನೋ. ಪ್ರತಿ ಪೆಟ್ಟಿಗೆಯನ್ನು ಕಟ್ಟುವ ಮೊದಲೇ ಒಳಗೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಕಿದ್ದರಿಂದ ಪುಸ್ತಕಗಳು ಉಳಿದವು. ಹಾಸಿಗೆ ಒಂದು ಒದ್ದೆಯಾಯಿತು, ಮಳೆಗಾಲ ಪೂರ್ತಿ ಅದರ ವಾಸನೆ ಹೋಗಲಿಲ್ಲ.

ಇಳಿಸುವ ಕೂಲಿಯ ಬಗ್ಗೆ ಬಹಳ ಜನ ಹೆದರಿಸಿದ್ದರು. ಕರ್ನಾಟಕದ ನೆಂಟರಂತೂ ‘ಕೇರಳದಲ್ಲಿ ನಿಮ್ಮ ಸಾಮಾನು ನೀವು ಮುಟ್ಟುವ ಹಾಗಿಲ್ಲವಂತೆ’ ಎನ್ನುವವರೆಗೆ ಹೋದರು. ಕಾನೂನು ಹಾಗಿಲ್ಲ. 1978ರ ಚುಮಟ್ಟು (ಹೊರೆ ಹೊರುವ) ಕಾರ್ಮಿಕರ ಕಾಯ್ದೆಯಲ್ಲಿ, ಮನೆಯ ಉಪಯೋಗಕ್ಕೆ ಒಬ್ಬ ವ್ಯಕ್ತಿ ಕೆಲಸಕ್ಕೆ ಇಟ್ಟುಕೊಂಡವರು ಚುಮಟ್ಟು ಕಾರ್ಮಿಕರ ವ್ಯಾಖ್ಯೆಗೇ ಬರುವುದಿಲ್ಲ. ನೋಡಿ ನಿಂತದ್ದಕ್ಕೆ ಕೇಳುವ ನೋಕ್ಕುಕೂಲಿ 2018ರ ಮೇ 1ರಿಂದ ನಿಷೇಧ. ನಮ್ಮಲ್ಲಿ ಜಗಳವೇ ಆಗಲಿಲ್ಲ. ಪೆಟ್ಟಿಗೆ ನಾವು ಇಳಿಸಿದೆವು. ಕಡೆವ ಕಲ್ಲು, ಹಂಡೆ, ಮರದ ಕಪಾಟಿಗೆ ನಾವೇ ಹೋಗಿ ಯೂನಿಯನ್ನಿನವರನ್ನು ಕರೆದೆವು, ರೇಟು ಮೊದಲೇ ಮಾತಾಡಿ 3,500. ನೀಲಿ ಅಂಗಿಯ ಆ ನಾಲ್ಕು ಮಂದಿ ಕಡೆವ ಕಲ್ಲನ್ನು ಹಗ್ಗ, ಗಳೆ ಹಾಕಿ ಎತ್ತಿ ಹಿಂದಿನ ಮೆಟ್ಟಿಲು ಹತ್ತಿಸಿದ್ದನ್ನು ನೋಡಿದ ಮೇಲೆ, ಆ ಕೆಲಸವನ್ನು ನೆಂಟರ ಹುಡುಗರ ಕೈಯಲ್ಲಿ ಮಾಡಿಸಿದ್ದರೆ ಯಾರದಾದರೂ ಕಾಲು ಹೋಗುತ್ತಿತ್ತು ಎಂದು ಖಾತ್ರಿಯಾಯಿತು.

ಹೊಸ ಮನೆಯಲ್ಲಿ ಅತ್ತೆಗೆ ಒಗ್ಗದೆ ಇದ್ದದ್ದು ನೀರು. ಹಳೆ ಮನೆಯಲ್ಲಿ ಸುರಂಗದ ನೀರು: ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಕೊರೆದ ಬಿಲದಿಂದ ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತಿತ್ತು, ಬೇಸಗೆಯಲ್ಲಿ ನೂಲಿನಷ್ಟಾದರೂ ನಿಂತದ್ದಿಲ್ಲ. ಇಲ್ಲಿ ಕೊಳವೆಬಾವಿ. ಮೊದಲ ಬೆಳಿಗ್ಗೆ ಚಹಾ ಕಪ್ಪಗಾಯಿತು, ಬಿಳಿ ಪಾತ್ರೆಯಲ್ಲಿ ಇಟ್ಟ ನೀರಿನ ತಳದಲ್ಲಿ ಸಂಜೆಗೆ ಕಂದು ಕೆನೆ. ಕಬ್ಬಿಣದ ಅಂಶ. ನೀರಿನ ಪರೀಕ್ಷೆಯನ್ನು ಮನೆ ಬದಲಾಯಿಸುವ ಮೊದಲೇ ಮಾಡಿಸಿ, ಫಿಲ್ಟರ್ ಕೂರಿಸಿದ ಮೇಲೆಯೇ ವಾಸಕ್ಕೆ ಬನ್ನಿ. ನಾವು ಒಂದಷ್ಟು ದಿನ ಕುಡಿಯಲು ಮೈದುನನ ಜೀಪಿನಲ್ಲಿ ಕ್ಯಾನು ತರಿಸಿದೆವು. ಫಿಲ್ಟರಿಗೆ ಆದ ಖರ್ಚು ಸಾಮಾನು ಸಾಗಿಸಿದ ಖರ್ಚಿಗಿಂತ ಹೆಚ್ಚು.

ಬಂದು ಕುಳಿತ ಮೇಲೆ ಮೊದಲ ಕರೆಂಟ್ ಬಿಲ್ಲು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು ಅದು, ನಮ್ಮದಿನ್ನೂ ಕಟ್ಟಡ ಕೆಲಸದ ದರದಲ್ಲಿತ್ತು. ಫ್ರಿಜ್ಜು, ಮೋಟರ್, ಮಿಕ್ಸಿ ಎಲ್ಲ ಆ ದರದಲ್ಲಿ ಓಡಿದರೆ ಎಷ್ಟಾಗುತ್ತದೆ ಎಂದು ನೋಡಿಯೇ ತಿಳಿಯಬೇಕು. ಮನೆಬಳಕೆಗೆ ಬದಲಾಯಿಸಲು ಕರೆಂಟಿನವರ ಸೆಕ್ಷನ್ ಆಫೀಸಿಗೆ ಹೋದರೆ ಕೇಳಿದ್ದು ಪಂಚಾಯತಿನ ಓನರ್‌ಶಿಪ್ ಸರ್ಟಿಫಿಕೇಟು. ಅದು ಸಿಗುವುದು ನಂಬ್ರ ಬಿದ್ದ ಮೇಲೆ. ನಂಬ್ರ ಬಂದದ್ದು ಮಳೆಗಾಲದ ನಡುವೆ, ಫೋನಿಗೆ ಒಂದು ಮೆಸೇಜಾಗಿ. ಯಜಮಾನರು ರೈಲಿನಲ್ಲಿದ್ದರು, ನಾನು ಏಳನೇ ತರಗತಿಯಲ್ಲಿ. ಆ ದಿನ ಮಕ್ಕಳಿಗೆ ಮನೆಗೆಲಸ ಕೊಡಲಿಲ್ಲ.

ಅಲ್ಲಿಂದ ಮುಂದೆ ಎಲ್ಲ ಸರಸರ ಆಯಿತು ಎಂದರೆ ಸುಳ್ಳು. ರೇಶನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ಹಿರಿಯ ಹೆಂಗಸಿನ ಹೆಸರಲ್ಲೇ ಕಾರ್ಡು ಇರುವುದು. ಅದರಲ್ಲಿ ನಾವೂ ಇದ್ದೆವು, ಮೈದುನನ ಮನೆಯವರೂ. ಅತ್ತೆ ನಮ್ಮ ಕಡೆಗೆ ಬರುವುದಾದರೆ ಅಲ್ಲಿನ ಕಾರ್ಡಿಗೆ ಮೈದುನನ ಹೆಂಡತಿ ಯಜಮಾನಿಯಾಗಬೇಕು, ನಮಗೆ ಹೊಸ ಕಾರ್ಡು. ಅಕ್ಷಯದಲ್ಲಿ ಮೊದಲೇ ಹೇಳಿದರು, ಹೊಸ ಕಾರ್ಡು ಬರುವುದು ಬಿಳಿ ಬಣ್ಣದ್ದು (ಆದ್ಯತೆ ಇಲ್ಲದವರದ್ದು), ಬೇರೆ ಬಣ್ಣ ಬೇಕಾದರೆ ಆಮೇಲೆ ಬೇರೆ ಅರ್ಜಿ. ನಾನು ಸಂಬಳದವಳು, ನಮಗೆ ಬಿಳಿಯೇ ಸರಿ. ಆದರೆ ಬಡ ಕುಟುಂಬಗಳಿಗೆ ಸಿಗುವ ಹಳದಿ, ಗುಲಾಬಿ ಕಾರ್ಡಿನವರು ಮನೆ ಬೇರೆ ಮಾಡುವಾಗ ಇದನ್ನು ಸರಿಯಾಗಿ ವಿಚಾರಿಸಿ, ಆಸ್ಪತ್ರೆಯ ಸವಲತ್ತುಗಳೂ ಆ ಬಣ್ಣವನ್ನು ಹಿಡಿದು ಬರುತ್ತವೆ. ಆಧಾರಿನಲ್ಲಿ ಅತ್ತೆಯ ಬೆರಳಚ್ಚು ಬೀಳಲಿಲ್ಲ. ಆಯುಷ್ಯವಿಡೀ ಅಡಿಕೆ ಸುಲಿದ ಬೆರಳು, ಗೆರೆಯೇ ಸವೆದು ಹೋಗಿದೆ. ಕಣ್ಣಿನ ಪಾಪೆ ತೋರಿಸಿ ಆಯಿತು, ವಿಳಾಸ ತಿದ್ದಲು 75 ರೂಪಾಯಿ.

ಗ್ಯಾಸ್ ಕನೆಕ್ಷನ್ ಮಾವನವರ ಹೆಸರಲ್ಲೇ ಇತ್ತು, ಅವರು ಹೋಗಿ ವರ್ಷಗಳಾದರೂ ಸಿಲಿಂಡರ್ ಬರುತ್ತಾ ಇತ್ತು, ಯಾರೂ ಕೇಳಿರಲಿಲ್ಲ. ಬೇರೆ ಏಜೆನ್ಸಿಗೆ ಹೋಗಬೇಕು ಎಂದಾಗ ಕೇಳಿದರು. ಮರಣ ಪ್ರಮಾಣಪತ್ರ, ಮಕ್ಕಳೆಲ್ಲರ ಒಪ್ಪಿಗೆ, ಹೊಸ ಹೆಸರಿನವರ ಗುರುತು ಪತ್ರ ಕೊಟ್ಟು ಹೆಸರು ಬದಲಾಗಿ, ಆಮೇಲೆ ವರ್ಗಾವಣೆ. ಮನೆಯ ಸಿಲಿಂಡರು, ಕರೆಂಟು, ಫೋನು ಯಾರಾದರೂ ತೀರಿಹೋದವರ ಹೆಸರಲ್ಲಿದ್ದರೆ ಮನೆ ಬಿಡುವ ಆರು ತಿಂಗಳು ಮೊದಲೇ ಸರಿಮಾಡಿ. ಹಳೆಯದನ್ನು ಬಿಟ್ಟು ಹೊಸ ಕನೆಕ್ಷನ್ ತೆಗೆಯುವುದಾದರೆ 14.2 ಕಿಲೋ ಸಿಲಿಂಡರಿಗೆ ಡಿಪಾಸಿಟ್ಟೇ 2,200, ರೆಗ್ಯುಲೇಟರಿಗೆ 250.

ಮತದಾರರ ಪಟ್ಟಿಯಲ್ಲಿ ಒಂದು ಸೂಕ್ಷ್ಮ ಇದೆ. ವಿಧಾನಸಭೆಯ ಪಟ್ಟಿಗೆ ಫಾರ್ಮ್ 8 ಹಾಕಬೇಕು. ಪಂಚಾಯತ್ ಚುನಾವಣೆಯ ಪಟ್ಟಿಯೇ ಬೇರೆ, ಅದು ರಾಜ್ಯ ಚುನಾವಣಾ ಆಯೋಗದ್ದು, ಒಂದರಲ್ಲಿ ತಿದ್ದಿದರೆ ಇನ್ನೊಂದರಲ್ಲಿ ತಾನಾಗಿ ಬದಲಾಗುವುದಿಲ್ಲ. ಡಿಸೆಂಬರಿನ ಪಂಚಾಯತ್ ಚುನಾವಣೆಗೆ ನಾವು ಇಲ್ಲಿಯೇ ಓಟು ಹಾಕಿದೆವು, ಆದರೆ ನವಂಬರಿನಲ್ಲಿ ಎಸ್‌ಐಆರ್ (ವಿಧಾನಸಭೆಯ ಪಟ್ಟಿಯ ವಿಶೇಷ ಪರಿಷ್ಕರಣೆ) ಫಾರ್ಮು ಬಂದದ್ದು ಹಳೆ ಮನೆಗೆ. ಮೈದುನ ಫೋನ್ ಮಾಡಿ ಹೇಳಿದ್ದರಿಂದ ಗೊತ್ತಾಯಿತು. ಮನೆ ಬಿಟ್ಟ ಮೇಲೂ ಹಳೆ ಮನೆಯಲ್ಲಿ ಕಾಗದ ತೆಗೆದಿಡುವವರು ಒಬ್ಬರು ಬೇಕೇ ಬೇಕು. ಸ್ಕೂಟರಿನ ಆರ್‌ಸಿಯಲ್ಲಿ ವಿಳಾಸ ಬದಲಾಯಿಸಲು 30 ದಿನದ ಲೆಕ್ಕ ಇದೆ; ಕಾಸರಗೋಡಿನ ಒಳಗೇ ಆದ್ದರಿಂದ ಕೆಎಲ್ 14 ಹಾಗೆಯೇ ಉಳಿಯಿತು.

ಮಲ್ಲಿಗೆ ಬಳ್ಳಿ, ಬಸಳೆ, ಕಾಳುಮೆಣಸಿನ ಬಳ್ಳಿಯ ತುಂಡುಗಳನ್ನು ಬೇಸಗೆಯಲ್ಲಿ ತರಲಿಲ್ಲ, ಮಳೆ ಹಿಡಿದ ಮೇಲೆ ತಂದೆವು, ಎಲ್ಲವೂ ಹಿಡಿದಿವೆ. ಹಂಡೆಗೆ ಹಿಂದಿನ ಅಂಗಳದಲ್ಲಿ ಒಲೆ ಕಟ್ಟಿಸಿದ್ದೇವೆ, ಶೀಟು ಹಾಕಿ. ಅದಕ್ಕೆ ಕಂಬ ಕೊಡಬೇಡ ಎಂದು ಮೇಸ್ತ್ರಿಗೆ ಮೊದಲೇ ಹೇಳಿದ್ದೆ, ಗೋಡೆಗೆ ಆನಿಸಿ ಮಾಡಿದ್ದಾನೆ. ಸೆಸ್ಸಿನ ನೋಟೀಸು ಇನ್ನೂ ಬಂದಿಲ್ಲ, ದುಡ್ಡು ಬೇರೆ ಇಟ್ಟಿದ್ದೇವೆ.